ಅನುಬಂಧ ಮೂರು

ಸ್ಟೋಕ್ ಆನ್ ಟ್ರೆಂಟ್‌ನಲ್ಲಿ ಹತ್ತು ಗಂಟೆಯಾದರೂ
ದೀಪ ಆರಿಸುವಷ್ಟು ಬೆಳಕಿಲ್ಲ.
ಕಿಟಕಿಯಾಚೆ ಕಾಲುವೆ, ಅದರಾಚೆ
ಬಾಟಲಿಯಾಕಾರದ ಹಳೆಯ ಆವಿಗೆ;
ಹೊಗೆ ಬಿಟ್ಟು ಅರುವತ್ತು ವರ್ಷ,
ಈಗ ಬಾಯಿತುಂಬ ಪಾರಿವಾಳ.

ಮೇಜಿನ ಈ ಬದಿ ನಾನು, ವಿಶ್ವವಿದ್ಯಾಲಯದ ಪರ.
ಆ ಬದಿ ಬರ್ಮಿಂಗ್‌ಹ್ಯಾಮಿನ ಮಿಸ್ ಓಕ್‌ಡೆನ್, ಕಂಪನಿಯ ವಕೀಲೆ.
ನಡುವೆ ನಲವತ್ತೊಂದು ಪುಟದ ಕರಾರು,
ತಣ್ಣಗಾದ ಓಟ್‌ಕೇಕು,
ಮತ್ತೊಂದು ಬಿಳಿ ಪಿಂಗಾಣಿ ಬಿಲ್ಲೆ:
ಮೇಲೆ ಕೆಸರುನೀರು ಸುರಿದರೆ
ಕೆಳಗೆ ಕುಡಿಯುವ ನೀರು ತೊಟ್ಟಿಕ್ಕುತ್ತದೆ.

ಮೂರು ವಾರದಿಂದ ಚೌಕಾಸಿ.
ಅವರಿಗೆ ಲೋಕವೆಲ್ಲ ಬೇಕು.
ನಾನು ಆಫ್ರಿಕಾವನ್ನು ಬೆರಳತುದಿಯಿಂದ ಈಚೆಗೆಳೆದುಕೊಂಡೆ,
ಆಕೆ ಏಷ್ಯಾದ ಮೇಲೆ ಮೊಣಕೈ ಊರಿದಳು.
'ಮಾತ್ರ' ಎಂಬ ಪದಕ್ಕೆ ಒಂದು ಮಧ್ಯಾಹ್ನ ಹೋಯಿತು,
'ಏಕಮಾತ್ರ'ಕ್ಕೆ ಇನ್ನೊಂದು.
ರಾಯಧನ ನಾಲ್ಕೂವರೆ ಎಂದೆ, ಎರಡು ಎಂದಳು;
ಮೂರರಲ್ಲಿ ಬಂದು ನಿಂತೆವು,
ಬಸ್ಸು ತಪ್ಪಿದ ಇಬ್ಬರು ಅಪರಿಚಿತರು
ಒಂದೇ ಕೊಡೆಯಡಿ, ಭುಜ ತಾಗದ ಹಾಗೆ.

ಪೇಟೆಂಟಿನಲ್ಲಿ ಎಲ್ಲ ಇದೆ. ಜೇಡಿ ಇಷ್ಟು ಪಾಲು,
ಮೂಳೆಬೂದಿ ಇಷ್ಟು, ಸಾವಿರದ ನೂರ ಎಂಬತ್ತು ಡಿಗ್ರಿ.
ಆದರೂ ಕಂಪನಿಯವರು ಸುಟ್ಟ ಇನ್ನೂರರಲ್ಲಿ
ನೂರ ತೊಂಬತ್ತು ಬಿರುಕು.
"ಏನೋ ಬಚ್ಚಿಟ್ಟಿದ್ದೀರಿ," ಎಂದಳು ಓಕ್‌ಡೆನ್,
ಅನುಬಂಧ ಮೂರರ ಖಾಲಿ ಹಾಳೆ ತಟ್ಟಿ.
ಅಲ್ಲಿ ತಲೆಬರಹವಷ್ಟೇ ಇತ್ತು: ನೋ-ಹೌ.

ಬಚ್ಚಿಟ್ಟಿರಲಿಲ್ಲ. ಅದು ನಮ್ಮಲ್ಲೂ ಇರಲಿಲ್ಲ.
ನೆಲಮಾಳಿಗೆಯಲ್ಲಿ ಮೊರೀನ್ ಟನಿಕ್ಲಿಫ್ ಕೈಯಲ್ಲಿತ್ತು.
ಮೂವತ್ತೆಂಟು ವರ್ಷದ ನೌಕರಿ, ತಂತ್ರಜ್ಞೆ, ಎರಡನೇ ದರ್ಜೆ;
ಪೇಟೆಂಟಿನ ಐದು ಹೆಸರುಗಳಲ್ಲಿ ಆರನೆಯವಳು.
ಬರುವ ಮಾರ್ಚಿಗೆ ನಿವೃತ್ತಿ.

"ಬರೆದುಕೊಡಿ," ಎಂದೆ, "ನೀವು ಮಾಡುವುದನ್ನೆಲ್ಲ."
ವಾರ ಬಿಟ್ಟು ಕೊಟ್ಟಳು, ಜೇಡಿ ಮೆತ್ತಿದ ಎರಡು ಹಾಳೆ:

ಮಣ್ಣನ್ನು ಒತ್ತಿ ನೋಡು. ಬೆರಳಗುರುತು ನಿಂತರೆ ಸಾಲದು,
ನಿಂತು ಸ್ವಲ್ಪ ನಾಚಬೇಕು.
ಸೋಮವಾರದ ನೀರು ಗಡಸು, ಅರ್ಧ ಗಂಟೆ ಹೆಚ್ಚು ನೆನೆಸು.
ಒಲೆಯ ಗುನುಗು ಇಳಿದಾಗ ಬಾಗಿಲು ಮುಟ್ಟಬೇಡ.
ಇನ್ನೊಮ್ಮೆ ಏರುತ್ತದೆ. ಆಗಲೂ ಬೇಡ.
ಟೀ ಕುಡಿದು ಬಾ.
ಸರಿಯಾಗಿರುತ್ತದೆ.

"ಸರಿ ಎಂದರೆ?" ಕೆಂಪು ಶಾಯಿಯಲ್ಲಿ ಬಂತು ಪ್ರಶ್ನೆ.
"ವ್ಯಾಖ್ಯೆ ಕೊಡಿ. ಟೀ ಎಷ್ಟು ನಿಮಿಷ?"

ನನಗೆ ಪದ ಗೊತ್ತಿತ್ತು, ನಾಲಗೆಯ ತುದಿಯಲ್ಲೇ:
ಹದ.
ಬೆಲ್ಲದ ಪಾಕಕ್ಕೆ, ಕಲಸಿದ ಹಿಟ್ಟಿಗೆ,
ಮದ್ದಲೆಯ ಚರ್ಮಕ್ಕೆ, ಆಡುವ ಮಾತಿಗೆ
ಅದೊಂದೇ ಸಾಕು ನಮಗೆ.
ಅಳತೆ ಕೇಳಿದವರ ಕೈಗೆ ಸೌಟು ಕೊಡುತ್ತಿದ್ದರು.
ಇಂಗ್ಲಿಷ್ ಕರಾರಿಗೆ ಹೇಗೆ ದಾಟಿಸಲಿ?
'ಎರಡು ಡಿಗ್ರಿ ಹೆಚ್ಚುಕಡಿಮೆ' ಎಂದು ಬರೆದೆ, ಹೊಡೆದುಹಾಕಿದೆ.
'ಸಮಂಜಸವೆನಿಸುವಷ್ಟು' ಎಂದು ಬರೆದೆ;
ಅದು ವಕೀಲರ ಹದ, ಬಿಲ್ಲೆ ಸುಡುವುದಿಲ್ಲ.

ಕೊನೆಗೆ ಮೊರೀನಳನ್ನೇ ಮೇಲಕ್ಕೆ ಕರೆದೆ.
ಏಪ್ರನ್ನಿನಲ್ಲೇ ಬಂದಳು. ಕೂರಲಿಲ್ಲ.
ಜೇಬಿಂದ ಎರಡು ಬಿಲ್ಲೆ ತೆಗೆದು
ಓಕ್‌ಡೆನ್ ಕಿವಿಯ ಬಳಿ ಉಗುರಿನಿಂದ ತಟ್ಟಿದಳು.
ಒಂದು ಟಕ್ ಎಂದಿತು.
ಇನ್ನೊಂದು ಟಿಣ್ಣ್ ಎಂದು, ನಿಲ್ಲಲು ಮರೆತಂತೆ, ಉಳಿಯಿತು.

ವಕೀಲೆ ಪೆನ್ನು ಕೆಳಗಿಟ್ಟು ತಾನೂ ತಟ್ಟಿದಳು.
ಮತ್ತೆ ತಟ್ಟಿದಳು.
"ಕಲಿಸಲು ಎಷ್ಟು ದಿನ?"
"ಬೆರಳಿಗೆ ಎರಡು ತಿಂಗಳು. ಕಿವಿಯದ್ದು ಹೇಳಲಾರೆ."

ಕಾಲು ಶೇಕಡಾ ಬಿಟ್ಟುಕೊಟ್ಟೆ,
ಅರುವತ್ತು ದಿನದ ಕೂಲಿ ನೇರ ಅವಳಿಗೆಂದು ಬರೆಸಿದೆ.
(ನಮ್ಮ ನಿರ್ದೇಶಕರು ಇನ್ನೂ ಮಾತಾಡಿಸಿಲ್ಲ.)
ಅವಳದ್ದೊಂದೇ ಷರತ್ತು:
"ಕಲಿಯಲು ಇಬ್ಬರನ್ನು ಕಳಿಸಿ.
ಒಬ್ಬರಿಗೇ ಹೇಳಿಕೊಟ್ಟರೆ ಮತ್ತೆ ಗುಟ್ಟಾಗುತ್ತದೆ."

ಸಹಿಯ ದಿನ ಅವಳಿಗೆ ಜಾಗವಿರಲಿಲ್ಲ; ಕರಾರಿಗೆ ಅವಳು ಕಕ್ಷಿಯಲ್ಲ.
ಅನುಬಂಧ ಮೂರಕ್ಕೆ ಅವಳ ಹಾಳೆಗಳನ್ನೇ ಲಗತ್ತಿಸಿದ್ದೆವು,
ಮೂಲೆಯಲ್ಲಿ ಒಣಗಿದ ಜೇಡಿಯ ಹೆಬ್ಬೆರಳು ಸಮೇತ.
"ಕಲೆ ಒರೆಸಲೇ?" ಎಂದ ಗುಮಾಸ್ತ.
ಬೇಡವೆಂದು ತಲೆಯಾಡಿಸಿ ಓಕ್‌ಡೆನ್
ಅದರ ಪಕ್ಕಕ್ಕೆ, ತಾಗದಂತೆ,
ತನ್ನ ಕಿರುಸಹಿ ಹಾಕಿದಳು.