ಹದಿನಾಲ್ಕನೇ ಫಾರ್ಮಾ

ಗದಗಿನ ಪ್ರೆಸ್ಸಿನೊಳಗ ಹಾಳಿ ಮಡಚೂದು ನನ್ನ ಕೆಲಸ.
ಒಂದು ಹಾಳಿಗೆ ಮೂರು ಮಡಿಕಿ, ಹದಿನಾರು ಪುಟ.
ಎಲುಬಿನ ಪಟ್ಟೀಲೆ ಗಟ್ಟಿ ತಿಕ್ಕಬೇಕು,
ಇಲ್ಲಾಂದ್ರ ಪುಸ್ತಕ ಬಾಯಿ ತಕ್ಕೊಂಡು ಕುಂದರತೈತಿ.

ಗೈಡು, ಪಂಚಾಂಗ, ಸೊಸೈಟಿಯ ವಾರ್ಷಿಕ ವರದಿ,
ಎಲ್ಲಾ ಮಡಚೀನಿ. ಯಾವುದೂ ಓದಿಲ್ಲ.
ಓದಿದ್ದು ಒಂದ. ಅದೂ ಸಾಲು ಹಿಡದು ಅಲ್ಲ:
ಮೊದಲ ಎಂಟನೇ ಫಾರ್ಮಾ ಬಂತು, ಆಮ್ಯಾಲ ಮೂರು,
ಕರೆಂಟು ಹೋಗಿ ಬಂದ ಮ್ಯಾಲ ಹನ್ನೊಂದು.
ಹಿಂಗಾಗಿ ನನ್ನ ಭಾರತದಾಗ
ಸೈಂಧವ ಮೊದಲ ಸತ್ತ, ಆಮ್ಯಾಲ ಬಾಸಿಂಗ ಕಟ್ಟಿಕೊಂಡ.

ಬರದಾಕಿ ಹಾವೇರಿ ಕಡೆ ಒಬ್ಬಾಕಿ ಟೀಚರು.
ಕತಿ ಎಲ್ಲಾ ದುಶ್ಶಲೆ ಬಾಯಿಲೆ ಹೇಳಿಸ್ಯಾಳ.
ದುಶ್ಶಲೆ ಅಂದ್ರ ನೂರು ಮಂದಿ ಕೌರವರಿಗೆ ಒಬ್ಬಾಕಿ ತಂಗಿ.
ನಮ್ಮವ್ವ ನೂರಕ್ಕ ಎಣಿಕಿ ನಿಲ್ಲಸತಿದ್ದಳು.
ನಮ್ಮೂರ ಬಯಲಾಟದೊಳಗೂ ಆಕಿ ಪಾತ್ರ ಇದ್ದಿಲ್ಲ,
ಒಂದು ಸೀರಿ ಬಾಡಿಗಿ ಉಳೀತು ಅಂತಿದ್ದ ಮ್ಯಾನೇಜರ.

"ಪುರಾಣ ಹಿಂಗ ತಿರುವ್ಯಾಡಬಾರದು" ಅಂದ್ರು ಸಾವಕಾರ್ರು.
ಅಂದು, ಅಚ್ಚಿಗೆ ಹಾಕಿದರು.
ಅವರಿಗೆ ಬಿಲ್ಲು ಮುಖ್ಯ,
ಅರ್ಜುನಂದಲ್ಲ, ಪ್ರೆಸ್ಸಿಂದು.

"ಯಾಕ ಫಕ್ಕೀರವ್ವ, ಕೈ ನಿಂತಾವಲ?"
ಮಿಷನ್ನಿನ ಮ್ಯಾಲಿಂದ ರಾಜೇಸಾಬ.
"ತಡಿಯಪಾ, ಆಕಿ ಗಂಡನ್ನ ಕೊಂದಾವ
ಈಗ ಊರ ಮುಂದ ಬಂದು ನಿಂತಾನ."

ಅಶ್ವಮೇಧದ ಕುದುರಿ. ಅದರ ಬೆನ್ನಿಗೆ ಅರ್ಜುನ.
ಅವ ಬಂದ ಅನ್ನೂ ಸುದ್ದಿಗೇ ಮಗ ಎದಿ ಒಡದು ಸತ್ತಾನ.
ಮೊಮ್ಮಗನ್ನ ಬಗಲಾಗ ಎತ್ತಿಕೊಂಡು
ಬಾಣದ ನಡುವ ನಡದು ಬರತಾಳ ದುಶ್ಶಲೆ.
ಅವ ಬಿಲ್ಲು ಕೆಳಗಿಟ್ಟ. ಆಕಿ ಬಾಯಿ ತಗದಳು.

ಪುಟ ಇನ್ನೂರಾ ಹತ್ತು ಬೆಳ್ಳಗ.
ಇನ್ನೂರಾ ಹನ್ನೊಂದೂ ಬೆಳ್ಳಗ.

ಎರಡು ಹಾಳಿ ಕೂಡಿ ಹೋಗಿ
ಒಂದು ಮಗ್ಗಲಿಗೆ ಮಸಿ ಹತ್ತಿದ್ದಿಲ್ಲ.
ಹನ್ನೆರಡು, ಹದಿಮೂರರಾಗ ಅರ್ಜುನ ಉತ್ತರ ಕೊಡತಾನ.
ಹದಿನಾಲ್ಕು, ಹದಿನೈದು ಮತ್ತ ಖಾಲಿ.
ಹದಿನಾರರಾಗ ಅವ ಅಳತಾನ.
ಏನಂದಳೋ ಏನೋ, ಗಂಡಸು ಅಳುವಂಥಾದ್ದು.

"ರದ್ದಿಗೆ ಒಗಿ" ಅಂದ ರಾಜೇಸಾಬ. ಒಗೀಲಿಲ್ಲ.
ಉಡಿಯಾಗ ಇಟಗೊಂಡು ಬೆಟಗೇರಿಗೆ ನಡಕೋತ ಬಂದೆ.
ಮಗ್ಗದ ಸಪ್ಪಳ. ಯಾರಿಗೂ ಕೇಳೂದಿಲ್ಲ ಅಂತ
ಆಕಿ ಮಾತು ನಾನ ಆಡಿದೆ:

"ಈಗ ಬಂದೇನೋ ಅಣ್ಣಾ?
ನೂರಾ ಐದು ಮಂದಿ ಇದ್ರಿ.
ಒಂದು ಪಂಚಮಿಗೆ ಒಬ್ಬರೂ ಕರಿಯಾಕ ಬರಲಿಲ್ಲ.
ಉಂಡಿ ಡಬ್ಬಿ ಇಲ್ಲ, ಕುಬಸದ ಅರಿವಿ ಇಲ್ಲ.
ತವರಿನ ಕುದುರಿ ಬಂತಂತ, ಖುಷಿಯಾಗಿ
ಅಂಗಳ ಸಾರಸಾಕ ಕುಂತಿದ್ದೆ ನಾನು.
ಸಗಣಿ ಕೈ ತೊಳಿಯೂದರಾಗ ಮಗ ಹೋದ."

ನನಗೂ ನಾಕು ಮಂದಿ ಅದಾರ, ಅಣ್ಣಿಗೇರಿಯೊಳಗ.
ಎಲ್ಲಾರೂ ಕೂಡೇ ಬಂದಿದ್ರು ಒಮ್ಮೆ,
ಸ್ಟಾಂಪ್ ಪೇಪರ್ ತಗೊಂಡು.
ಚಾ ಕುಡದು ಹೋದ್ರು.

ತಿಂಗಳಿಗೆ ಪುಸ್ತಕ ತಯಾರಾತು.
ಒಂದು ಚಲೋ ಕಾಪಿ ಟೀಚರಬಾಯಾರು ಕೈಯಾರೆ ಕೊಟ್ಟರು.
ನಿಂತಲ್ಲೇ ಇನ್ನೂರಾ ಹತ್ತು ತಗದು ನೋಡಿದೆ.
ಧರ್ಮ, ಕ್ಷಾತ್ರ, ಹೆಣ್ಣಿನ ಒಡಲು, ಭೂಮಿಯ ಮೌನ.
ಅಚ್ಚಿನ ತಪ್ಪು ಒಂದೂ ಇಲ್ಲ.
ಪಂಚಮಿ ಇಲ್ಲ.
ಹೇಳಬೇಕಂತ ಬಾಯಿಗೆ ಬಂತು.
"ಚಲೋ ಆಗೇತ್ರಿ" ಅಂದೆ. ಆಗಿತ್ತು ಸೈತ.

ಖಾಲಿ ಹಾಳಿ ಇನ್ನೂ ಟ್ರಂಕಿನಾಗ ಐತಿ.
ತೆಳ್ಳನ್ನ ಕಾಗದ. ಲೈಟಿಗೆ ಹಿಡದ್ರ
ಹಿಂದಿನ ಮಗ್ಗಲ ಅರ್ಜುನನ ಮಾತು
ಉಲ್ಟಾ ಮೂಡತಾವ, ಬಲದಿಂದ ಎಡಕ್ಕ,
ಆಕಿ ಪುಟದೊಳಗ ಬಂದು
ಹೆಂಗ ಶುರು ಮಾಡಬೇಕು ತಿಳೀದ ನಿಂತಂಗ.

ಒಂದಿಷ್ಟು ಹೊತ್ತು ನಿಲ್ಲಸತೀನಿ.
ಆಮ್ಯಾಲ ಮಡಚತೀನಿ. ಮೂರು ಮಡಿಕಿ.