ಬದಲಿಗೆ ಹೋದವನು

ಹೆಸರು ಹಚ್ಚಿದವಳು ನೀಲಾಂಬಿಕಾ.
ಅವಳಿಗೆ ಜ್ವರ. ಕೊಟ್ಟ ಐವತ್ತು ರೂಪಾಯಿ ಹಾಳಾಗಬಾರದೆಂದು
ಅವಳ ಹೆಸರಿನ ಚೀಟಿ ಎದೆಗೆ ಚುಚ್ಚಿಕೊಂಡು
ರವಿವಾರ ಬೆಳಿಗ್ಗೆ ಏಳಕ್ಕೆ
ವ್ಯಾಕ್ಸಿನ್ ಡಿಪೋದ ಗೇಟಿನಲ್ಲಿ ನಾನು ನಿಂತೆ.

ಕಾರ್ತಿಕದ ಮಂಜು. ಟಿಳಕವಾಡಿಯ ಆಚೆಯಿಂದ ರೈಲಿನ ಸಿಳ್ಳು.
ಹದಿನಾಲ್ಕು ಜನ, ಯಾರೂ ಕರೆಯದ ಒಂದು ನಾಯಿ.
ನಜೀರಸಾಹೇಬ ಪಿಂಜಾರ,
ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೂವತ್ತೊಂದು ವರ್ಷ
ಎಲೆಗಳನ್ನು ಪೇಪರಿನ ನಡುವೆ ಒಣಗಿಸಿ ಅಂಟಿಸಿದ ಕೈ,
ಮೊದಲೇ ಹೇಳಿಬಿಟ್ಟರು:
"ನೋಡ್ರಿ, ಮುಟ್ರಿ, ಮೂಸ್ರಿ.
ಕೀಳಬ್ಯಾಡ್ರಿ. ನಾ ಭಾಳ ಕಿತ್ತೀನಿ,
ನಿಮ್ಮೆಲ್ಲಾರ ಪಾಲಿಂದೂ."

ಹೊನ್ನೆಯ ಕೆಳಗೆ
ರೆಕ್ಕೆ ಕಟ್ಟಿದ ದುಂಡು ಕಾಯಿ,
ಗೊಂಬೆಯ ಮದುವೆಗೆ ಕರಿದಿಟ್ಟ ಹಪ್ಪಳದ ಹಾಗೆ.
"ಇದು ಬಿಬಳಾ" ಅಂದರು ಪಾವಶೆ ಬಾಯಿ.
"ಹೌದ್ರಿ, ಬಿಬಳಾನೂ ಹೌದು" ಅಂದ ಸಾಹೇಬರು
ಪುಸ್ತಕದ ಹೆಸರನ್ನು ಮೂರನೆಯದಾಗಿ ಹೇಳಿ
ಮರದ ಮೈ ತಟ್ಟಿದರು, ಎಮ್ಮೆಯನ್ನು ತಟ್ಟುವಂತೆ.

ಮತ್ತಿ, ಕವಳಿ, ತಾರಿ.
ಬೆರಳು ಮಡಚಿ ನೆನಪಿಟ್ಟೆ, ಮನೆಗೆ ಒಯ್ಯಬೇಕಲ್ಲ.
ತಾರಿ ಬರುವಷ್ಟರಲ್ಲಿ ಮತ್ತಿ ಜಾರಿತು.
ಕವಳಿ ಹಣ್ಣಿಲ್ಲದ ದಿನಗಳಲ್ಲಿ ಬರೀ ಮುಳ್ಳು.
"ನೀಲಾಂಬಿಕಾ ಅವರ, ಈ ಎಲಿ ಕಣ್ಣು ಮುಚ್ಚಿ ಮುಟ್ರಿ."
ಚೀಟಿ ಓದಿ ಕರೆದರು, ನಗಲಿಲ್ಲ.
ಯಾರೂ ನಗಲಿಲ್ಲ.
ಅವಳ ಪರವಾಗಿ ಮುಟ್ಟಿದೆ:
ಒರಟು, ಬೆಕ್ಕಿನ ನಾಲಿಗೆಯಷ್ಟು ಒರಟು.
ಹೆಸರು ಕೇಳುವಷ್ಟರಲ್ಲಿ ಗುಂಪು ಮುಂದೆ ಹೋಗಿತ್ತು.

ನೀಲಗಿರಿಯ ಸಾಲು ಬಂದಾಗ ಸಾಹೇಬರು ಬೈಯಲಿಲ್ಲ.
"ಪಾಪ, ನೆಟ್ಟಲ್ಲೆ ಬೆಳದೈತಿ" ಅಂದು ನಡೆದರು.

ಮನೆಗೆ ಬಂದೆ. ಕಂಬಳಿಯೊಳಗಿಂದ ಪ್ರಶ್ನೆ:
"ಏನೇನ್ ನೋಡಿದ್ರಿ?"
ಹೊನ್ನೆ ಅಂದೆ. ಹಪ್ಪಳ ಅಂದೆ.
ಬೆಕ್ಕಿನ ನಾಲಿಗೆ ಅಂದೆ.
"ಜ್ವರ ನನಗ ಬಂದೈತೋ, ನಿಮಗೋ?"

ಆಮೇಲೆ ಅವಳ ಕಣ್ಣು ನನ್ನ ಪ್ಯಾಂಟಿಗೆ ಇಳಿಯಿತು.
ಮೊಣಕಾಲಿನ ತನಕ ಉತ್ತರಾಣಿ,
ಏನೂ ಕೀಳದೆ ಬಂದವನ ಜೊತೆ
ತಾನೇ ಹತ್ತಿಕೊಂಡು ಬಂದದ್ದು.
ಎದ್ದು ಕೂತಳು. ಕಾಲನ್ನು ಮಂಚದ ಅಂಚಿಗೆ ಇಡಿಸಿ
ಒಂದೊಂದೇ ಬಿಡಿಸಿ ಅಂಗೈಯಲ್ಲಿ ಹಾಕಿಕೊಂಡಳು
ಎಣಿಸುತ್ತ, ಸಣ್ಣಗೆ ಬೈಯುತ್ತ;
ಬಿಸಿ ಬೆರಳು ಬಟ್ಟೆ ದಾಟಿ ತಾಕುತ್ತಿತ್ತು.
ನಲವತ್ತೊಂದಕ್ಕೆ ಲೆಕ್ಕ ತಪ್ಪಿತು.

ಕಿಟಕಿಯ ಹೊರಗೆ ಎಸೆಯುತ್ತಾಳೆಂದುಕೊಂಡೆ.
ಮುಷ್ಟಿ ಮಾಡಿ ಹಿಡಿದುಕೊಂಡೇ
ಆ ಕಡೆ ಹೊರಳಿ ಮಲಗಿದಳು.
ಚೀಟಿ ಇನ್ನೂ ನನ್ನ ಎದೆಯ ಮೇಲಿತ್ತು.