ಹಲಗಿ ಕೆಳಗ

ಆಕಿ ಬಂದಾಕಿನೇ ಮೊದಲು ಮಾತಾಡಿಸಿದ್ದು ನನ್ನ ಅಲ್ಲ,
ಹಲಗಿನ.
ಬಗ್ಗಿ, ಬೆರಳ ಗೆಣ್ಣಿಲೆ ಟಕ್ ಟಕ್ ಬಡದು
ಕಲ್ಲಂಗಡಿ ಆರಿಸೋರಂಗ ಕಿವಿ ಕೊಟ್ಟಳು.
ಮೂರು ಪಾಸು. ನಾಕನೇದಕ್ಕ ಹುಬ್ಬು ಗಂಟು.
ಸ್ಪೇನಿನ ಮಾತು ಚೆಲ್ಲೊದ ಫ್ಲಾವಿಯಾ
ಪಣಜಿ ಹಿಂದಿಯೊಳಗ ಬಿಡಿಸಿ ಹೇಳಿದಳು:
"ಇನ್ಮಾ ಮೇಡಂ ಅಂತಾರ, ಇದು ಮೂಕ."

ಮೂವತ್ತೊಂದು ವರ್ಷ ಬಡಿಗತನ ಮಾಡೀನಿ.
ಬಾಗಿಲು, ಚೌಕಟ್ಟು, ತೊಟ್ಟಿಲು, ಮೊನ್ನೆ ಒಂದು ಬ್ಯಾಂಕಿನ ಕೌಂಟರು.
ಮೂಕ ಅಂತ ಯಾರೂ
ಕಟ್ಟಿಗಿ ವಾಪಸ್ ಕಳಿಸಿರಲಿಲ್ಲ.

ರಾತ್ರಿ ಅದನ್ನ ಕಿತ್ತು
ಚೌಬಾರಾ ಹಿಂದಿನ ಗುಜರಿಯಿಂದ ತಂದು ಹಾಕಿದೆ
ಹಳೇ ಟಾಂಗಾದ ತಳ, ಸಾಗವಾನಿ.
ಮುಂಜಾನಿ ಆಕಿ ಹಿಮ್ಮಡಿಲೆ ಒಮ್ಮೆ ಕುಟ್ಟಿ ನಕ್ಕಳು.
ಅಷ್ಟೇ ಮಜೂರಿ ಅನ್ಕೊಂಡೆ,
ಕಂಟ್ರಾಕ್ಟರ್ ರೊಕ್ಕ ಕೊಡೂ ತನಕ.

ತಾಲೀಮಿನೊಳಗ ಜಗಳ.
ತಬಲಾದ ಖಾಜಾಮಿಯಾ ತಲಿ ಕೆರಕೊಂಡರು:
ನಂದೂ ಹನ್ನೆರಡು, ಆಕಿದೂ ಹನ್ನೆರಡು,
ಏಕತಾಲ ಆಯ್ತಲ್ಲ, ಮತ್ಯಾಕ ಕೂಡವಲ್ದು?
ನನ್ನ ಸಮ ಒಂದರ ಮ್ಯಾಲ.
ಆಕಿ ಹನ್ನೆರಡರ ಮ್ಯಾಲ ಹುಟ್ಟಿ
ಮೂರಕ್ಕ ಸಿಟ್ಟಾಗಿ, ಆರಕ್ಕ ಎದ್ದು
ಎಂಟಕ್ಕ, ಹತ್ತಕ್ಕ ಬಾಗಿಲು ಬಡೀತಾಳ.
ಗಲ್ಲಿ ಒಂದೇ ಐತಿ ಮೋನಪ್ಪ, ಮನಿ ನಂಬರ್ ಬ್ಯಾರೆ.
ಚೆಲ್ಲೊ ಇಬ್ಬರ ನಡುವ ಕುಂತು
ಹ್ಞೂಂ ಹ್ಞೂಂ ಅಂತಿತ್ತು, ಸಂಧಾನಕ್ಕ ಬಂದ ಅತ್ತಿಯಂಗ.

ಕೋಟಿಯೊಳಗ, ರಂಗೀನ್ ಮಹಲ್ ಮುಂದ, ಕುರ್ಚಿ ತುಂಬಿದವು.
ಕೆಂಪು ಕಲ್ಲಿನ ಕಾವು ಇನ್ನೂ ಇಳಿದಿರಲಿಲ್ಲ.
ಭಾಷಣ. ಶಾಲು. ಮತ್ತ ಭಾಷಣ.
ಆಮ್ಯಾಲ ಆಕಿ, ಕರೀ ಲಂಗದ ಅಂಚು ಮುಷ್ಟಿಯೊಳಗ.
ಎಲ್ಲಾರೂ ಆಕಿ ಮಾರಿ ನೋಡಿದರು,
ನಾ ಹಲಗಿ ಸಂದಿ.

ಎರಡನೇ ಹಾಡಿಗೆ ಕೇಳಿಸಿತು ಒಡಕು.
ಟಾಂಗಾ ಹಲಗಿ ಕೆಳಗಿನ ಬೆಣೆ ಜಾರಿತ್ತು.
ಯಾರಿಗೂ ತಿಳೀಲಿಲ್ಲ, ಚಪ್ಪಾಳಿ ಹೊಡದರು
ಒಡಕಿಗೂ ಸೇರಿಸಿ.
ಪರದೆ ಎತ್ತಿ ಬೆಕ್ಕಿನಂಗ ಒಳಗ ಹೊಕ್ಕೆ.
ಕತ್ತಲೊಳಗ ಬೆಣೆ ಸಿಗಲಿಲ್ಲ.
ಬೆನ್ನು ಕೊಟ್ಟೆ.

ಹಂಗಾಗಿ ನಾ ಕುಣಿತ ನೋಡಿಲ್ಲ.
ಕೈ ಹ್ಯಾಂಗ ತಿರುವಿದಳೋ, ಕಣ್ಣಾಗ ಏನಿತ್ತೋ
ನನ್ನ ಕೇಳಬ್ಯಾಡ್ರಿ.
ನನಗ ಗೊತ್ತಿರೋದು ಭಾರ.
ಬಲಗಾಲು ಎಡಗಾಲಿಗಿಂತ ಒಂದು ತೊಲಿ ಜಾಸ್ತಿ.
ತಿರುಗೋ ಮುಂಚೆ ಉಸಿರು ಹಿಡೀತಾಳ,
ಆಗ ಹಲಗಿ ನನ್ನ ಬೆನ್ನು ಬಿಟ್ಟು ಕೂದಲೆಳಿ ಮ್ಯಾಲ ಏಳತದ.
ಕಣ್ಣಾಗ ಟಾಂಗಾದ ಧೂಳು ಉದುರಿತು,
ಯಾವ ಕಾಲದ ಹುಲ್ಲಿನ ಹೊಟ್ಟೋ, ಯಾವ ಕುದುರಿದೋ.
ಚೆಲ್ಲೊದ ಕಾಲು ಹಲಗಿಗೆ ಊರಿತ್ತಲ್ಲ,
ಆ ಮೊಳಿಯೊಳಗಿಂದ ಇಳಿದು ನನ್ನ ಹಲ್ಲಿಗೆ ಬಂತು ದನಿ.
ಎಲ್ಲೋ ಒಂದು ಸುತ್ತಿನೊಳಗ
ಮಿಯಾನ ಒಂದು, ಆಕಿ ಹನ್ನೆರಡು
ಒಂದರ ಮ್ಯಾಲೊಂದು ಬಿದ್ದವು,
ನನ್ನ ಎಡಭುಜದ ಮ್ಯಾಲ, ಇಲ್ಲೇ.
ಖರೇ ಹೇಳ್ತೀನಿ.
ಮುಂದಿನ ಸುತ್ತಿಗೆ ಮತ್ತ ಬ್ಯಾರೆ ಬ್ಯಾರೆ ಮನಿ.

ಜನ ಹೋದ ಮ್ಯಾಲ ಗೆಣ್ಣಿನ ಸಪ್ಪಳ, ಟಕ್ ಟಕ್.
ಹಲಗಿ ಉಸಿರಾಡಿದ್ದು ಆಕಿಗೆ ತಿಳಿದಿತ್ತೇನೋ.
ಸುತ್ತಿಗಿ ಹಿಡಿಲೆ ಕೆಳಗಿಂದ ಉತ್ತರ ಕೊಟ್ಟೆ,
ಎಣಿಸಿ ಎಣಿಸಿ. ಹನ್ನೊಂದಾದವು.
ಕೈ ಸೋತಿತ್ತು.
ಮ್ಯಾಲ ಗಪ್ಪ. ಆಮ್ಯಾಲ ಹಿಮ್ಮಡಿ,
ಒಂದೇ ಸಲ.

ಆ ಹಲಗಿ ಈಗ ನನ್ನ ಅಂಗಡಿ ಮುಂದಿನ ಬಾಕು.
ಬೂಟಿನ ಮೊಳಿ ಕಚ್ಚಿದ ಸಣ್ಣ ಸಣ್ಣ ತೂತು.
ಚಹಾ ಕುಡಿಯೋರು ಬೆರಳಾಡಿಸಿ ಕೇಳ್ತಾರ,
"ಮೋನಪ್ಪ, ಇದಕ್ಕ ಹುಳ ಬಿದ್ದಾವಲ್ಲೋ?"
ಹೌದ್ರಿ, ಎಣ್ಣಿ ಹಚ್ಚಬೇಕು, ಅಂತೀನಿ.
ಹಚ್ಚಿಲ್ಲ.